ಕಡಲಾಚೆಯ ವ್ಯಾಸಂಗಕ್ಕೆ ಮೊದಲ ಹೊತ್ತಗೆ

ಒಂದು ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರೆಲ್ಲರೂ, ವಿಜ್ಞಾನದವರಿರಲಿ, ವಾಣಿಜ್ಯದವರಿರಲಿ, ಎಂಜಿನಿಯರಿಂಗಿನವರಿರಲಿ, ತರಗತಿಗಳು ಮೊದಲಾಗುವುದಕ್ಕೆ ಮುಂಚೆಯೇ ಒಂದೇ ಪುಸ್ತಕವನ್ನು ಓದಿಕೊಂಡು ಬರುವುದು. ಬಂದ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು, ಒಬ್ಬ ಅಧ್ಯಾಪಕರ ಸಮ್ಮುಖದಲ್ಲಿ ಅದನ್ನು ಕುರಿತು ಮಾತನಾಡುವುದು. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇಂಥದೊಂದು ಪದ್ಧತಿ ಬೆಳೆದುಬಂದಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಇದು 1991ರಲ್ಲಿ ಮೊದಲಾಯಿತು. ಮೊದಲ ವರ್ಷಕ್ಕೆ ಅವರು ಆರಿಸಿದ್ದು ಹೊಸ ಪುಸ್ತಕವನ್ನಲ್ಲ, ಗ್ರೀಸ್ ದೇಶದ ಯೂರಿಪಿಡೀಸ್ ಬರೆದ ಪುರಾತನ ನಾಟಕವನ್ನು. ಕಾರ್ನೆಲ್ ವಿಶ್ವವಿದ್ಯಾನಿಲಯದವರು 2001ರಲ್ಲಿ ಜ್ಯಾರೆಡ್ ಡೈಮಂಡರ ‘ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್’ ಎಂಬ ಗ್ರಂಥದಿಂದ ಪ್ರಾರಂಭಿಸಿದರು. ಅಲ್ಲಿ ಗುಂಪಿನ ಮುಂದಾಳಾಗಿ ಕೂರುವವರು ಸಾಹಿತ್ಯದ ಪ್ರಾಧ್ಯಾಪಕರೇ ಆಗಬೇಕೆಂದಿಲ್ಲ. ವೈದ್ಯರಿರಬಹುದು, ರಸಾಯನಶಾಸ್ತ್ರದವರಿರಬಹುದು. ಪುಸ್ತಕದ ಮುಂದೆ ಎಲ್ಲರೂ ಓದುಗರೇ ಎಂಬುದು ಅದರ ತಾತ್ಪರ್ಯ.

ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಪಂಡಿತನಿಗೆ ಕಾಲೇಜಿನ ಈ ವಿಚಾರದಲ್ಲಿ ಏನು ಕೆಲಸವೆಂದು ಶ್ರೋತೃಗಳು ಕೇಳಬಹುದು. ಕೆಲಸವುಂಟು. ನಮ್ಮ ಕೈಯಲ್ಲಿ ಕಾಗುಣಿತ ತಿದ್ದಿಸಿಕೊಂಡ ಮಕ್ಕಳೇ ನಾಲ್ಕಾರು ವರ್ಷ ಕಳೆಯುವುದರೊಳಗೆ ಯಲಹಂಕದಿಂದಲೋ ಯಶವಂತಪುರದಿಂದಲೋ ಎರಡು ಪೆಟ್ಟಿಗೆ ಎಳೆದುಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತಾರೆ. 2008ರಲ್ಲಿ ಆ ನಿಲ್ದಾಣ ತೆರೆದಂದಿನಿಂದ ನಮ್ಮ ಉತ್ತರ ದಿಕ್ಕಿನ ಬಡಾವಣೆಗಳಿಗೆ ಪರದೇಶವೆಂಬುದು ಬಸ್ಸಿನ ಕೊನೆಯ ನಿಲ್ದಾಣದಷ್ಟು ಹತ್ತಿರವಾಗಿದೆ. ಹೆಬ್ಬಾಳದ ಮೇಲುಸೇತುವೆಯ ಬಳಿ ವಾಯುವಜ್ರ ಬಸ್ಸಿಗೆ ಕಾಯುವವರಲ್ಲಿ ಯಾರು ವ್ಯಾಸಂಗಕ್ಕೆ ಹೊರಟವರು, ಯಾರು ಉದ್ಯೋಗಕ್ಕೆ ಹೊರಟವರು ಎಂಬುದನ್ನು ಜೊತೆಗೆ ನಿಂತ ತಾಯಿಯ ಮುಖ ನೋಡಿಯೇ ಹೇಳಬಹುದು.

ಹೀಗೆ ಹೊರಟ ಹುಡುಗನೊಬ್ಬನ ತಾಯಿ, ನಮ್ಮ ಶಾಲೆಗೆ ಬಹಳ ವರ್ಷಗಳಿಂದ ಪರಿಚಿತರಾದವರು, ಒಂದು ದಿನ ಕೇಳಿದರು: “ಮೇಷ್ಟ್ರೇ, ಅವನ ಪೆಟ್ಟಿಗೆಗೆ ಹಾಕೋಕೆ ಒಂದು ಪುಸ್ತಕ ಹೇಳಿ. ಇಪ್ಪತ್ಮೂರು ಕೇಜೀಲಿ ಚಟ್ನಿಪುಡಿ, ಹುಳಿಪುಡೀನೇ ಆರು ಕೇಜಿ ಆಗಿದೆ. ತೆಳ್ಳಗಿರೋದೇ ಹೇಳಿ.” ನಾನೆಂದೆ: “ಅಮ್ಮಾ, ಪುಸ್ತಕ ಪೆಟ್ಟಿಗೇಲಿ ಹೋಗಬೇಕಾದ್ದಲ್ಲ. ಹೋಗೋಕೆ ಮುಂಚೆ ಓದಿ ಮುಗಿಸಿರಬೇಕಾದ್ದು.” ಆಕೆ ನಕ್ಕು, “ಹಾಗಾದರೆ ಇನ್ನೂ ಒಳ್ಳೇದಾಯ್ತು, ಉಪ್ಪಿನಕಾಯಿಗೆ ಜಾಗ ಸಿಕ್ತು” ಎಂದರು. ಮಾತು ವಿನೋದದಲ್ಲಿ ಮುಗಿಯಿತಾದರೂ ಪ್ರಶ್ನೆ ಮುಗಿಯಲಿಲ್ಲ. ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟು ಮಗನನ್ನು ಕಳುಹಿಸುವ ಸಂಸಾರ, ಅವನು ಯಾವ ಕಣ್ಣಿನಿಂದ ಆ ದೇಶವನ್ನು ನೋಡಲಿದ್ದಾನೆಂಬ ಬಗೆಗೆ ಏನಾದರೂ ಸಿದ್ಧತೆ ಮಾಡಿದೆಯೇ? ಶುಲ್ಕದ ಲೆಕ್ಕ ಗೊತ್ತು, ವೀಸಾದ ಕಾಗದಗಳು ಗೊತ್ತು. ಏಜೆಂಟರ ಬಣ್ಣದ ಹೊತ್ತಗೆಯಲ್ಲಿ ಆ ವಿಶ್ವವಿದ್ಯಾನಿಲಯದ ಹುಲ್ಲುಹಾಸಿನ ಚಿತ್ರವೂ ಗೊತ್ತು. ಅಷ್ಟರಿಂದ ನೋಡುವ ಕಣ್ಣು ಬರುವುದಿಲ್ಲ.

ಎಲ್ಲರೂ ಒಂದೇ ಪುಸ್ತಕ ಓದುವುದು ನಮಗೆ ಹೊಸದೆಂದು ಯಾರೂ ತಿಳಿಯಬೇಕಾದುದಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪದವಿಯ ಮೊದಲ ವರ್ಷದ ಭಾಷಾಪಠ್ಯವೆಂಬುದು ಇದೇ ತಾನೆ? ಮುಖ್ಯ ಪಠ್ಯದ ಜೊತೆಗೆ ಒಂದು ಕಾದಂಬರಿಯನ್ನೋ ನಾಟಕವನ್ನೋ ಪ್ರವಾಸಕಥನವನ್ನೋ ಉಪಪಠ್ಯವಾಗಿ ಇಡುವ ವಾಡಿಕೆ ಬಹು ಹಳೆಯದು. ತೇಜಸ್ವಿಯವರ ‘ಕರ್ವಾಲೊ’ವನ್ನು ಎಷ್ಟು ಸಾವಿರ ಮಂದಿ ಮೊದಲು ಕಂಡದ್ದು ಕಾಲೇಜಿನ ಉಪಪಠ್ಯವಾಗಿಯೇ! ದ್ವಿತೀಯ ಪಿಯುಸಿಯಲ್ಲಿ ಕನ್ನಡ ತೆಗೆದುಕೊಂಡ ಮಕ್ಕಳು ಅವರದೇ ‘ಕೃಷ್ಣೇಗೌಡನ ಆನೆ’ಯನ್ನು ರಾಜ್ಯದಾದ್ಯಂತ ಓದಿದರು. ಬೀದರದವನೂ ಚಾಮರಾಜನಗರದವನೂ ಯಾವುದೋ ಹಾಸ್ಟೆಲಿನಲ್ಲಿ ಭೇಟಿಯಾದರೆ, ಇಬ್ಬರಿಗೂ ಗೊತ್ತಿರುವ ಒಂದು ಆನೆಯಿದೆ ಎಂಬುದು ಸಣ್ಣ ಮಾತಲ್ಲ.

ಕೊರತೆಯಿರುವುದು ಬೇರೆ ಕಡೆ. ನಮ್ಮಲ್ಲಿ ಪುಸ್ತಕವಿದೆ, ಮಾತುಕತೆಯಿಲ್ಲ. ಪರೀಕ್ಷೆಯ ಅಂಕಕ್ಕೆ ಸಿಕ್ಕಿದ ಪುಸ್ತಕ ಗೈಡಿನ ಬಾಯಿಗೆ ಬೀಳುತ್ತದೆ. ‘ಆನೆಯ ಪಾತ್ರಚಿತ್ರಣ ಮಾಡಿ’ ಎಂಬ ಪ್ರಶ್ನೆಗೆ ಹತ್ತು ಸಾಲಿನ ಉತ್ತರ ಬಾಯಿಪಾಠವಾದ ಮೇಲೆ, ಪಾಪ, ಆನೆ ಎಲ್ಲಿ ನಡೆದೀತು? ಕನ್ನಡವನ್ನು ತೆಗೆದುಕೊಳ್ಳದೆ ಬೇರೆ ಭಾಷೆಯಲ್ಲಿ ಅಂಕ ಹುಡುಕಿಕೊಂಡು ಹೋದವರಿಗೆ ಅದೂ ಇಲ್ಲ. ಇನ್ನು ಎಂಜಿನಿಯರಿಂಗಿಗೆ ಸೇರಿದವರ ಪಾಲಿಗೆ ಕಥೆ ಕಾದಂಬರಿಗಳ ಸಹವಾಸವೇ ತಪ್ಪಿಹೋಗುತ್ತದೆ. ಪರದೇಶಕ್ಕೆ ಹೆಚ್ಚಾಗಿ ಹೋಗತಕ್ಕವರು ಈ ಮಕ್ಕಳೇ ಎಂಬುದನ್ನು ನೆನಪಿಡಬೇಕು.

ಆನೆಯ ಮಾತು ಬಂದಿತಾದ್ದರಿಂದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಆ ಕಥೆಯಲ್ಲಿ ಊರಿನ ಒಂದೊಂದು ಇಲಾಖೆಯೂ ತನ್ನ ತನ್ನ ತೊಂದರೆಯನ್ನು ಆ ಆನೆಯ ತಲೆಗೆ ಕಟ್ಟುತ್ತ ಹೋಗುತ್ತದೆ. ಕಂಬಿ ಕಡಿದರೂ ಆನೆ, ಮರ ಮುರಿದರೂ ಆನೆ. ತರಗತಿಯಲ್ಲಿ ಇದನ್ನು ಓದಿ ನಕ್ಕ ಹುಡುಗ ನಾಳೆ ದೂರದ ಒಂದು ಪಟ್ಟಣದಲ್ಲಿ, ಮನೆಬಾಡಿಗೆ ಏರಿದ್ದಕ್ಕೂ ಉದ್ಯೋಗ ಕಡಮೆಯಾದದ್ದಕ್ಕೂ ಹೊರಗಿನಿಂದ ಬಂದವರೇ ಕಾರಣವೆಂದು ಜನ ಆಡಿಕೊಳ್ಳುವುದನ್ನು ಕೇಳಬಹುದು. ಆಗ ಅವನಿಗೆ ಆ ಕಥೆ ಬೇರೆ ರೀತಿಯಲ್ಲಿ ನೆನಪಾಗುತ್ತದೆ: ಈಗ ಆನೆಯ ಜಾಗದಲ್ಲಿ ನಿಂತಿರುವವನು ತಾನು! ಅಷ್ಟೇ ಅಲ್ಲ, ತನ್ನೂರಿನ ಬಡಾವಣೆಯಲ್ಲಿ ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಗಾರೆ ಕೆಲಸದವನನ್ನು ಕುರಿತು ತಮ್ಮ ಮನೆಯ ಜಗಲಿಯಲ್ಲಿಯೇ ಇಂಥ ಮಾತು ಹುಟ್ಟುತ್ತಿದ್ದುದೂ ನೆನಪಾದೀತು. ಮೂಡಿಗೆರೆಯ ಕಡೆಯ ಕಥೆಯೊಂದು ಪರದೇಶದ ಬೀದಿಯಲ್ಲಿ ಅರ್ಥ ಬಿಡಿಸಿಕೊಳ್ಳುವುದು ಹೀಗೆ. ಅದನ್ನು ಒಬ್ಬನೇ ಓದಿದ್ದರೆ ಮನಸ್ಸಿನಲ್ಲೇ ಉಳಿಯುತ್ತದೆ. ಅರುವತ್ತು ಜನ ಒಟ್ಟಿಗೆ ಓದಿದ್ದರೆ, ಬರ್ಲಿನಿನಿಂದ ಅವನು ಬರೆದ ಎರಡು ಸಾಲು ಇಲ್ಲಿಯ ಐವತ್ತೊಂಬತ್ತು ಮಂದಿಗೂ ತಿಳಿಯುತ್ತದೆ.

ಪರದೇಶ ವ್ಯಾಸಂಗವೂ ಪುಸ್ತಕವೂ ಜೊತೆಯಾಗಿ ನಡೆದ ದಾರಿ ಕನ್ನಡದಲ್ಲಿಯೇ ಇದೆ. ವಿನಾಯಕ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಆ ಸಮುದ್ರಯಾನದ ಫಲವಾಗಿ ‘ಸಮುದ್ರ ಗೀತಗಳು’ ಬಂದವು. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ಬಂದಿತು. ಬಿ. ಜಿ. ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಬಳಿ ಸಸ್ಯಶಾಸ್ತ್ರದ ಸಂಶೋಧನೆ ಮಾಡಿದರು, ತಾವು ಗುರುತಿಸಿದ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು, ಊರಿಗೆ ಬಂದು ‘ಅಮೆರಿಕದಲ್ಲಿ ನಾನು’ ಬರೆದರು. ಡಿ. ವಿ. ಜಿ.ಯವರ ಮಗನಾದ ಸ್ವಾಮಿಯವರಿಗೆ ನಗು ಎಲ್ಲಿಂದ ಅಷ್ಟೊಂದು ಬಂದಿತೋ ಎಂದು ಹಳಬರು ಆಶ್ಚರ್ಯಪಡುತ್ತಿದ್ದರು. ಆ ನಗುವೇ ಪುಸ್ತಕದ ಜೀವಾಳ. ಕಾರಂತರು ವಿದ್ಯಾರ್ಥಿಯಾಗಿ ಹೋದವರಲ್ಲದಿದ್ದರೂ ಅವರ ‘ಅಪೂರ್ವ ಪಶ್ಚಿಮ’ ಹೋಗುವವರೆಲ್ಲರೂ ಓದತಕ್ಕದ್ದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಹೋಗಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಹೇಮಾವತಿಯ ದಂಡೆಯ ಹಳ್ಳಿಯನ್ನು ಬಲ್ಲ ಕಣ್ಣು ಅಮೆರಿಕದ ಪಟ್ಟಣವನ್ನು ನೋಡುವಾಗ ಏನೇನು ಕಾಣುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಎಲ್ಲಕ್ಕಿಂತ ಮಿಗಿಲಾದ ಉದಾಹರಣೆ ಯು. ಆರ್. ಅನಂತಮೂರ್ತಿಯವರದು. ಅವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ತಮ್ಮ ಅಧ್ಯಾಪಕರಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಸ್ವೀಡನ್ನಿನ ಬರ್ಗ್‌ಮನ್ ತೆಗೆದ ‘ದಿ ಸೆವೆಂತ್ ಸೀಲ್’ ಚಿತ್ರವನ್ನು, ಕೆಳಗೆ ಇಂಗ್ಲಿಷ್ ಸಾಲುಗಳಿಲ್ಲದ ಪ್ರತಿಯನ್ನು, ನೋಡಿದರು. ಯುರೋಪಿನವನು ತನ್ನ ಮಧ್ಯಯುಗವನ್ನು ಓದಿ ಕಟ್ಟಿಕೊಳ್ಳಬೇಕು, ನಮಗಾದರೋ ಅದು ಮನೆಯಲ್ಲೇ ಬದುಕಿರುವ ನೆನಪು ಎಂದು ಅವರು ಹೇಳಿದರಂತೆ. ಹಾಗಾದರೆ ಅದನ್ನೇ ಬರೆಯಿರಿ ಎಂದು ಗುರುಗಳು ಪ್ರೋತ್ಸಾಹಿಸಿದರಂತೆ. ಹಾಗೆ ಹುಟ್ಟಿದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಮಲೆನಾಡಿನ ಅಗ್ರಹಾರದ ಕಥೆಯನ್ನು ಬರೆಯಲು ಬರ್ಮಿಂಗ್‌ಹ್ಯಾಮಿನ ಚಳಿ ಬೇಕಾಯಿತು!

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಅಮೆರಿಕಕ್ಕೆ ವ್ಯಾಸಂಗಕ್ಕೆಂದು ಹೋಗಿ, ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿ, 1976ರಲ್ಲಿ ಆ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅಂದಿನಿಂದ ಭಾರತವನ್ನು ಕುರಿತು ಕಲಿಯುವ ಅಮೆರಿಕದ ವಿದ್ಯಾರ್ಥಿಗಳ ಕೈಗೆ ‘ಸಂಸ್ಕಾರ’ ಪಠ್ಯವಾಗಿ ಹೋಗುತ್ತಿದೆ. ಎಂದರೆ, ನಮ್ಮ ದೇಶಕ್ಕೆ ಓದಲು ಬರುವ ಅಲ್ಲಿಯ ಹುಡುಗಿ ಪ್ರಾಣೇಶಾಚಾರ್ಯರ ಪರಿಚಯ ಮಾಡಿಕೊಂಡು ಬಂದಿರಬಹುದು. ಇಲ್ಲಿಂದ ಅಲ್ಲಿಗೆ ಹೋಗುವ ನಮ್ಮ ಹುಡುಗನಿಗೆ ಆಚಾರ್ಯರು ಯಾರೆಂದು ಗೊತ್ತಿಲ್ಲದಿರಬಹುದು. ಇದು ಯಾರಿಗೂ ಶೋಭೆಯಲ್ಲ. ಎರಡು ಕಡೆಯ ಕಾಲೇಜುಗಳ ನಡುವೆ ಒಪ್ಪಂದವಾದಾಗ ಎರಡು ಕಡೆಯ ಮೊದಲ ವರ್ಷದವರೂ ಓದಬಹುದಾದ ಪುಸ್ತಕ ಬೇಕೆಂದರೆ, ಇವರು ಮೂಲದಲ್ಲಿ ಅವರು ಅನುವಾದದಲ್ಲಿ ಓದುವಂತೆ ಈ ಕಾದಂಬರಿ ಸಿದ್ಧವಾಗಿಯೇ ಇದೆ.

ಒಪ್ಪಂದಗಳ ಮಾತು ಹೇಳಿದೆನಷ್ಟೆ. ಯುರೋಪಿನ ದೇಶಗಳು 1987ರಲ್ಲಿಯೇ ಇರಾಸ್ಮಸ್ ಎಂಬ ಯೋಜನೆ ಮಾಡಿಕೊಂಡು, ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದಲ್ಲಿ ಕೆಲವು ತಿಂಗಳು ಓದಿ ಬರುವ ದಾರಿ ಮಾಡಿದವು. ಊರಿಂದೂರಿಗೆ ತಿರುಗಿ ಕಲಿತ ಹಳೆಯ ವಿದ್ವಾಂಸನೊಬ್ಬನ ಹೆಸರು ಅದು. ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ 2022ರಲ್ಲಿ ನಿಯಮಗಳನ್ನು ಹೊರಡಿಸಿ, ಇಲ್ಲಿಯ ಕಾಲೇಜಿನ ವಿದ್ಯಾರ್ಥಿ ತನ್ನ ವ್ಯಾಸಂಗದ ಒಂದು ಭಾಗವನ್ನು ಒಪ್ಪಂದವಿರುವ ಪರದೇಶದ ಸಂಸ್ಥೆಯಲ್ಲಿ ಮುಗಿಸಿ ಬರಲು ಅವಕಾಶ ಕೊಟ್ಟಿತು. ಅದಕ್ಕೂ ಮುಂಚೆ, 2019ರಲ್ಲಿ, ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ‘ದೀಕ್ಷಾರಂಭ’ ಎಂಬ ಕಾರ್ಯಕ್ರಮದ ಮಾರ್ಗದರ್ಶಿಯನ್ನು ಕೊಟ್ಟಿತ್ತು. ತಾಂತ್ರಿಕ ಕಾಲೇಜುಗಳ ಆರಂಭದ ವಾರಗಳಲ್ಲಿಯೂ ಒಂದು ಪುಸ್ತಕ ಓದಿ ಚರ್ಚಿಸುವುದಕ್ಕೆ ಸ್ಥಳವಿದೆ. ಹೀಗೆ ಬಾಗಿಲು ಎರಡೂ ಇವೆ. ಈ ಕೋಣೆಯಿಂದ ಆ ಕೋಣೆಗೆ ನಡೆದುಹೋಗುವವರಿಲ್ಲ. ಒಂದನ್ನು ಭಾಷಾ ವಿಭಾಗ ನೋಡಿಕೊಳ್ಳುತ್ತದೆ, ಇನ್ನೊಂದನ್ನು ಅಂತರರಾಷ್ಟ್ರೀಯ ಸಂಬಂಧಗಳ ಕಛೇರಿ; ನಡುವೆ ಹದಿನೈದು ಮೆಟ್ಟಿಲು.

ನಮ್ಮ ಉತ್ತರ ಬೆಂಗಳೂರಿಗೆ ಇದು ಹೊರಗಿನ ಸಂಗತಿಯೆಂದು ತಿಳಿಯಬಾರದು. ಹೆಬ್ಬಾಳವನ್ನೇ ನೋಡಿ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ ಮೂವತ್ತು ಎಕರೆಯಲ್ಲಿ ಪ್ರಯೋಗದ ಬೇಸಾಯ ಮೊದಲಾಯಿತು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1913ರಲ್ಲಿ, ಕೃಷಿ ಶಾಲೆಯಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅಮೆರಿಕದ ಟೆನೆಸಿ ವಿಶ್ವವಿದ್ಯಾನಿಲಯ ಅದಕ್ಕೆ ನೆರವಾಗಿ ನಿಂತಿತು. ಅಲ್ಲಿಯ ಪ್ರಾಧ್ಯಾಪಕರು ಇಲ್ಲಿ ಬಂದು ಕೆಲಸ ಮಾಡಿದರು, ಇಲ್ಲಿಯ ಅಧ್ಯಾಪಕರು ಅಲ್ಲಿಗೆ ಹೋಗಿ ತರಬೇತಾಗಿ ಬಂದರು. ಮೊದಲ ವರ್ಷದವರೆಲ್ಲ ಒಂದೇ ಪುಸ್ತಕ ಓದುವ ಪದ್ಧತಿಯನ್ನು ಅದೇ ಟೆನೆಸಿಯವರೂ ಮುಂದೆ ‘ಲೈಫ್ ಆಫ್ ದಿ ಮೈಂಡ್’ ಎಂಬ ಹೆಸರಿನಲ್ಲಿ ಕೈಗೊಂಡರು. ಬೀಜವನ್ನೂ ಗೊಬ್ಬರವನ್ನೂ ಕುರಿತು ಅವರಿಂದ ಕಲಿತವರು ಇದೊಂದನ್ನು ಕಲಿತರೆ ತಪ್ಪೇನು?

ಆರ್. ಟಿ. ನಗರದ ಹೆಸರನ್ನು ದಿನವೂ ಹೇಳುವ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಅದು ರವೀಂದ್ರನಾಥ ಟಾಗೂರ್ ನಗರವೆಂಬುದೇ ಮರೆತಿದೆ. ಆ ಮಹಾಕವಿ ತಮ್ಮ ಮಗ ರಥೀಂದ್ರನಾಥನನ್ನು 1906ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಯಾವ ವಿದ್ಯೆಗೆ? ಬೇಸಾಯಕ್ಕೆ! ಬಂಗಾಳದ ಹಳ್ಳಿಯ ರೈತನಿಗೆ ಉಪಯೋಗವಾಗಲಿ ಎಂದು. ಮಗ ಹೋಗಿ ಕಲಿತು ಬಂದ ಮೇಲೆ, 1912ರಲ್ಲಿ, ತಂದೆಯೂ ಆ ಊರಿಗೆ ಹೋಗಿ ಕೆಲವು ತಿಂಗಳು ಇದ್ದರು. ಮನೆಯಲ್ಲಿ ಏನನ್ನು ಓದಿ, ಯಾವುದನ್ನು ನೆನೆದು ಹೋಗಬೇಕೆಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟಿರಲಾರದು. ನಮ್ಮ ನಿಮ್ಮ ಮನೆಗಳಲ್ಲಿ ಹುಟ್ಟುತ್ತದೆ.

ನನ್ನ ಹಳೆಯ ಶಿಷ್ಯನೊಬ್ಬ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಜೊತೆಯ ಹುಡುಗನೊಬ್ಬ, ರೈತರ ಮನೆಯವನು, “ನಿಮ್ಮೂರಿನ ಸುತ್ತ ಏನು ಬೆಳೆಯುತ್ತಾರೆ?” ಎಂದು ಕೇಳಿದನಂತೆ. ಯಲಹಂಕದಲ್ಲಿ ಹುಟ್ಟಿ ಬೆಳೆದ ಇವನಿಗೆ ಅಪಾರ್ಟ್‌ಮೆಂಟಿನ ಹೊರತು ಬೇರೆ ಬೆಳೆ ನೆನಪಾಗಲಿಲ್ಲ. ರಾತ್ರಿ ತಾತನಿಗೆ ಫೋನು ಮಾಡಿದ. ತಾತ ಮುಕ್ಕಾಲು ಗಂಟೆ ಮಾತನಾಡಿದರಂತೆ: ರಾಗಿ, ಅವರೆ, ಹುರುಳಿ, ದ್ರಾಕ್ಷಿ ತೋಟ, ದೇವನಹಳ್ಳಿಯ ಚಕ್ಕೋತ, ಕೆರೆ ಕೋಡಿ ಹರಿದ ವರ್ಷ. “ತಾತ ಇಷ್ಟು ಹೊತ್ತು ನನ್ನ ಜೊತೆ ಯಾವತ್ತೂ ಮಾತಾಡಿರಲಿಲ್ಲ ಸಾರ್” ಎಂದು ಹುಡುಗ ನನಗೆ ಬರೆದ. ಆ ಪ್ರಶ್ನೆಯನ್ನು ಇಲ್ಲೇ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ಗೊರೂರರ ಪುಸ್ತಕವನ್ನು ಗುಂಪಿನಲ್ಲಿ ಓದುವಾಗ ಆ ಪ್ರಶ್ನೆ ತಾನಾಗಿಯೇ ಬರುತ್ತದೆ: ಇವರು ಅಮೆರಿಕದ ಹೊಲವನ್ನು ತಮ್ಮೂರಿನ ಹೊಲಕ್ಕೆ ಹೋಲಿಸಿದರು, ನೀನು ಯಾವುದಕ್ಕೆ ಹೋಲಿಸುವೆ?

ಇದನ್ನು ನಡೆಸುವ ಬಗೆ ಕಷ್ಟವಾದುದೇನೂ ಅಲ್ಲ. ಪ್ರವೇಶದ ಕಾಗದದ ಜೊತೆಯಲ್ಲಿಯೇ ಪುಸ್ತಕದ ಹೆಸರು ಹೋಗಲಿ. ಅದರ ಬೆಲೆ ವಿಮಾನ ನಿಲ್ದಾಣಕ್ಕೆ ಕೊಡುವ ಟ್ಯಾಕ್ಸಿ ಬಾಡಿಗೆಗಿಂತ ಕಡಮೆ. ಅಂಕ ಬೇಡ, ಪ್ರಬಂಧ ಸ್ಪರ್ಧೆ ಬೇಡ, ದಯವಿಟ್ಟು ಪ್ರಮಾಣಪತ್ರವೂ ಬೇಡ. ಗುಂಪಿನಲ್ಲಿ ಒಬ್ಬರು ಅಧ್ಯಾಪಕರು, ಪರದೇಶದಲ್ಲಿ ಓದಿ ಬಂದ ಹಿರಿಯ ವಿದ್ಯಾರ್ಥಿಯೊಬ್ಬ ಇರಲಿ. ಹೋದವರು ತಿಂಗಳಿಗೊಂದು ಕಾಗದವನ್ನು, ಅದೇ ಪುಸ್ತಕದ ಒಂದು ಅಧ್ಯಾಯವನ್ನು ಹಿಡಿದು, ಇಲ್ಲಿಯ ಮೊದಲ ವರ್ಷದವರಿಗೆ ಬರೆಯಲಿ. ಹಣವಿಲ್ಲದೆ, ಅಥವಾ ಮನೆಯ ಹೊಣೆಯಿಂದ, ಎಂದೂ ಹೋಗಲಾರದ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಈ ಏರ್ಪಾಡಿನಲ್ಲಿ ಅವರಿಗೂ ಪಾಲಿದೆ. ನನಗೆ ಮುಖ್ಯವಾಗಿ ಬೇಕಾಗಿರುವುದು ಅದು. ‘ಗೆಲ್ಲುವುದು ಹೇಗೆ’ ಎಂದು ಹೇಳಿಕೊಡುವ ಪುಸ್ತಕಗಳನ್ನು ಮಾತ್ರ ಇದಕ್ಕೆ ಆರಿಸಬೇಡಿ. ಅವುಗಳಲ್ಲಿ ಊರೂ ಇರುವುದಿಲ್ಲ, ಜನರೂ ಇರುವುದಿಲ್ಲ.

ಒಂದು ಪುಸ್ತಕವನ್ನು ಎಲ್ಲರಿಗೂ ಕೊಟ್ಟರೆ ಜಗಳ ಬಾರದೇ ಎಂದು ಕೆಲವರು ಹೆದರುತ್ತಾರೆ. ಬರಬಹುದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದವರು 2002ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕುರಾನಿನ ಕೆಲವು ಭಾಗಗಳ ಅನುವಾದ ಮತ್ತು ವಿವರಣೆಯಿದ್ದ ಮೈಕೆಲ್ ಸೆಲ್ಸ್ ಅವರ ಪುಸ್ತಕವನ್ನು ಗೊತ್ತುಮಾಡಿದರು. ನ್ಯೂಯಾರ್ಕಿನ ದಾಳಿ ನಡೆದು ಒಂದು ವರ್ಷವೂ ಆಗಿರಲಿಲ್ಲ. ಕೋಲಾಹಲವೆದ್ದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಚರ್ಚೆಯನ್ನು ತಡೆಯಲು ನ್ಯಾಯಾಲಯ ಒಪ್ಪಲಿಲ್ಲ. ಓದಲು ಇಷ್ಟವಿಲ್ಲದವರು ತಮಗೇಕೆ ಇಷ್ಟವಿಲ್ಲವೆಂಬುದನ್ನು ಒಂದು ಪುಟದಲ್ಲಿ ಬರೆದು ತರಬಹುದೆಂದು ವಿಶ್ವವಿದ್ಯಾನಿಲಯ ಹೇಳಿತು. ಈ ಎರಡನೆಯ ಉಪಾಯ ನನಗೆ ಬಹಳ ಮೆಚ್ಚುಗೆಯಾಯಿತು. ಒಲ್ಲೆನೆನ್ನುವವನಿಗೂ ಒಂದು ಪುಟದ ಕೆಲಸವುಂಟು! ‘ಸಂಸ್ಕಾರ’ದ ವಿಷಯದಲ್ಲಿಯೂ ಪುಸ್ತಕ ಬಂದಾಗಿನಿಂದ ವಾದವಿದೆ. ವಾದವಿರುವ ಪುಸ್ತಕವೇ ಗುಂಪಿಗೆ ಒಳ್ಳೆಯದು.

ಈ ವರ್ಷ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಿದ ಶ್ರೋತೃಗಳು ಯಾರ ಅಪ್ಪಣೆಗೂ ಕಾಯದೆ ಒಂದು ಕೆಲಸ ಮಾಡಬಹುದು. ಆ ಕಾಲೇಜಿನ ಗ್ರಂಥಪಾಲಕರನ್ನು ಕಂಡು, ಒಂದೇ ಪುಸ್ತಕದ ಇಪ್ಪತ್ತು ಮೂವತ್ತು ಪ್ರತಿಗಳು ನಿಮ್ಮಲ್ಲಿ ಇವೆಯೇ ಎಂದು ಕೇಳಿನೋಡಿ. ನಾನು ವಿಚಾರಿಸಿದ ಎರಡು ಕಾಲೇಜುಗಳಲ್ಲಿ ಹಿಂದಿನ ವರ್ಷಗಳ ಉಪಪಠ್ಯಗಳು ಕಟ್ಟು ಕಟ್ಟಾಗಿ ಹಿಂದಿನ ಬೀರುವಿನಲ್ಲಿದ್ದವು. ಒಂದು ಕಡೆ ಕಟ್ಟಿದ ಹುರಿಯನ್ನೇ ಬಿಚ್ಚಿರಲಿಲ್ಲ. ಕೇಳಿದವರಿಗೆ ಕೊಡುತ್ತೇವೆ ಎಂದರು ಅಲ್ಲಿಯ ಗ್ರಂಥಪಾಲಕರು, ಕೇಳಿದವರಿಲ್ಲ ಎಂದೂ ಹೇಳಿದರು.